ಮಹಾಮಾರಿ ಕಾಲದ ಲಸಿಕೆ: ಮನೆಯವರು, ಶಿಶುವಿಹಾರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವ ಅಪ್ಪ-ಅಮ್ಮನಿಗೂ, ಸಂಜೆವರೆಗೆ ಆ ಮಗುವನ್ನು ಎತ್ತಿ ಆಡಿಸುವ ಶಿಶುವಿಹಾರದ ಸಿಬ್ಬಂದಿಗೂ ಈ ಪುಟ. ಇಬ್ಬರ ಪ್ರಶ್ನೆಗಳನ್ನೂ ಬೇಕಂತಲೇ ಒಂದೇ ಕಡೆ ಇಟ್ಟಿದ್ದೇನೆ. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೂ ಬೇಕಾಗುತ್ತದೆ.

ಉದಾಹರಣೆಗಳು ಜಾಸ್ತಿ ಕೋವಿಡ್‌ನವು. ನಮಗೆಲ್ಲ ಹತ್ತಿರದಿಂದ ಗೊತ್ತಿರುವ ಮಹಾಮಾರಿ ಅದೇ ಅಲ್ವಾ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಅದನ್ನು ಮಹಾಮಾರಿ ಎಂದು ಕರೆಯಿತು. ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಎಂದು ಹೇಳಿದ್ದು 2023ರ ಮೇ 5ರಂದು. ಆ ಮೂರು ವರ್ಷ ಜನ ಕೇಳಿದ ಪ್ರಶ್ನೆಗಳನ್ನೇ ಮುಂದೆ ಬೇರೆ ಯಾವುದಾದರೂ ಕಾಯಿಲೆ ಬಂದಾಗಲೂ ಕೇಳುತ್ತಾರೆ. ಯಾವ ವಯಸ್ಸಿಗೆ ಯಾವ ಲಸಿಕೆ, ಎಷ್ಟು ಡೋಸ್ ಅನ್ನೋದು ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಅದನ್ನು ನಿಮ್ಮ ಆರೋಗ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ.

ಮಕ್ಕಳಿಗೆ ಬಂದರೂ ನೆಗಡಿ ಥರ ಬಂದು ಹೋಗುತ್ತಲ್ಲ, ಲಸಿಕೆ ಯಾಕೆ?

ಕೋವಿಡ್ ವಿಷಯದಲ್ಲಿ ಈ ಮಾತು ಬಹುಪಾಲು ನಿಜ. ಹೆಚ್ಚಿನ ಮಕ್ಕಳು ಎರಡು ಮೂರು ದಿನ ಸುಸ್ತಾಗಿ ಮಲಗಿ ಎದ್ದರು. ಆದರೆ ಎಲ್ಲರೂ ಅಲ್ಲ. ಒಂದು ವರ್ಷದೊಳಗಿನ ಕೂಸುಗಳು, ಹೃದಯ, ಶ್ವಾಸಕೋಶ ಅಥವಾ ನರದ ತೊಂದರೆ ಇದ್ದ ಮಕ್ಕಳು ಆಸ್ಪತ್ರೆ ಸೇರಿದ್ದು ಜಾಸ್ತಿ. ಇನ್ನು ಕೆಲವರಿಗೆ ಸೋಂಕು ವಾಸಿಯಾಗಿ 2ರಿಂದ 6 ವಾರ ಕಳೆದ ಮೇಲೆ ಬಿಡದ ಜ್ವರ, ಕೆಂಪು ಕಣ್ಣು, ಮೈಮೇಲೆ ದದ್ದು, ಹೊಟ್ಟೆನೋವು ಕಾಣಿಸಿತು. ಹೃದಯವೂ ಸೇರಿ ಒಂದೇ ಸಲ ಹಲವು ಅಂಗಗಳಲ್ಲಿ ಉರಿಯೂತ. ವೈದ್ಯರು ಇದನ್ನು ಎಂಐಎಸ್-ಸಿ ಎನ್ನುತ್ತಾರೆ. ಅಪರೂಪದ್ದು, ಆದರೆ ಬಂದರೆ ಐಸಿಯುವರೆಗೂ ಹೋಗಬಹುದು. ಮೊದಲು ಆರೋಗ್ಯವಾಗಿದ್ದ ಮಕ್ಕಳಲ್ಲೂ ಅದು ಬಂದಿದೆ.

ಇನ್ನೊಂದು ಮಾತು. "ಹೆಚ್ಚಿನ ಮಕ್ಕಳಿಗೆ ಏನೂ ಆಗಲ್ಲ" ಅನ್ನೋದು ಕೋವಿಡ್‌ನ ಗುಣ, ಎಲ್ಲಾ ಮಹಾಮಾರಿಯ ಗುಣ ಅಲ್ಲ. ಫ್ಲೂ ವೈರಸ್ ಸಣ್ಣ ಮಕ್ಕಳನ್ನು ಜೋರಾಗಿಯೇ ಹಿಡಿಯಬಹುದು. ಮುಂದಿನದು ಯಾವ ಥರದ್ದೋ ಯಾರಿಗೆ ಗೊತ್ತು.

ನಮ್ಮ ಪಾಪುಗೆ ಇನ್ನೂ ನಾಲ್ಕು ತಿಂಗಳು. ಈ ವಯಸ್ಸಿಗೆ ಲಸಿಕೆಯೇ ಇಲ್ಲವಂತೆ. ಏನು ಮಾಡೋದು?

ಸುತ್ತ ಇರುವ ದೊಡ್ಡವರು ಹಾಕಿಸಿಕೊಳ್ಳಿ. ಕೋವಿಡ್ ಲಸಿಕೆ ಆರು ತಿಂಗಳೊಳಗಿನ ಮಗುವಿಗೆ ಎಲ್ಲೂ ಬರಲೇ ಇಲ್ಲ. ಫ್ಲೂ ಲಸಿಕೆಯೂ ಆರು ತಿಂಗಳ ನಂತರವೇ. ಅಂದರೆ ಅತಿ ಎಳೆಯ ಕೂಸಿಗೆ ರಕ್ಷಣೆ ಸಿಗುವುದು ಎರಡೇ ದಾರಿಯಿಂದ: ಹುಟ್ಟುವ ಮೊದಲು ಅಮ್ಮನಿಂದ, ಹುಟ್ಟಿದ ಮೇಲೆ ಎತ್ತಿಕೊಳ್ಳುವ ಕೈಗಳಿಂದ.

ಒಂದು ಕೂಸನ್ನು ದಿನಕ್ಕೆ ಎಷ್ಟು ಜನ ಎತ್ತಿಕೊಳ್ಳುತ್ತಾರೆ ಅಂತ ಒಮ್ಮೆ ಎಣಿಸಿ ನೋಡಿ. ಅಪ್ಪ, ಅಮ್ಮ, ಅಜ್ಜಿ, ಅಣ್ಣನೋ ಅಕ್ಕನೋ, ಶಿಶುವಿಹಾರದ ಆಯಾ, ಅಲ್ಲಿ ಹಾಲು ಕುಡಿಸುವವರು, ಡೈಪರ್ ಬದಲಿಸುವವರು. ಕೂಸು ಇವರ ಮುಖದ ಮೇಲೇ ಉಸಿರು ಬಿಡುತ್ತದೆ, ಇವರ ಉಸಿರನ್ನೇ ಎಳೆದುಕೊಳ್ಳುತ್ತದೆ. ನಾನು ಈ ಪುಟದಲ್ಲಿ ಒಂದೇ ಉತ್ತರ ಬರೆಯಬೇಕು ಅಂದಿದ್ದರೆ ಇದನ್ನೇ ಬರೆಯುತ್ತಿದ್ದೆ. ಮಕ್ಕಳ ಲಸಿಕೆಯ ಮಾತು ಶುರುವಾಗುವುದು ದೊಡ್ಡವರ ತೋಳಿನಿಂದ.

ಗರ್ಭಿಣಿಯರು ಹಾಕಿಸಿಕೊಳ್ಳಬಹುದಾ? ಬಾಣಂತಿಯರು?

ಕೋವಿಡ್, ಫ್ಲೂ, ನಾಯಿಕೆಮ್ಮಿನ ಲಸಿಕೆಗಳನ್ನು ಬಸುರಿನಲ್ಲಿ ಹಾಕಿಸಿಕೊಳ್ಳಬಹುದು. ಅಮ್ಮನ ರಕ್ತದಲ್ಲಿ ತಯಾರಾಗುವ ಪ್ರತಿಕಾಯಗಳು (ರೋಗಾಣುವನ್ನು ತಡೆಯುವ ಪ್ರೋಟೀನ್‌ಗಳು) ಮಾಸಿನ ಮೂಲಕ ಮಗುವಿಗೆ ಹೋಗುತ್ತವೆ. ಹುಟ್ಟಿದ ಮೊದಲ ಕೆಲವು ತಿಂಗಳು ಅವೇ ಕಾವಲು. ಕೋವಿಡ್ ಬಂದ ಗರ್ಭಿಣಿಯರಿಗೆ ಐಸಿಯು, ಅವಧಿಗೆ ಮುಂಚಿನ ಹೆರಿಗೆ ಎರಡರ ಅಪಾಯವೂ ಹೆಚ್ಚಿತ್ತು. ಹಾಗಾಗಿ ಇಲ್ಲಿ ಲಾಭ ಇಬ್ಬರಿಗೂ ಇದೆ.

ದಡಾರ-ಮಂಗನಬಾವು-ರುಬೆಲ್ಲಾ, ಚಿಕನ್ ಪಾಕ್ಸ್ ಇವು ಜೀವಂತ ವೈರಸ್ಸನ್ನು ಬಲ ಕುಗ್ಗಿಸಿ ಮಾಡಿದ ಲಸಿಕೆಗಳು. ಬಸುರಿನಲ್ಲಿ ಇವನ್ನು ಕೊಡುವುದಿಲ್ಲ. ಶಿಶುವಿಹಾರದಲ್ಲಿ ಕೆಲಸ ಮಾಡುವ, ಮುಂದೆ ಮಗು ಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಇದನ್ನು ಗಮನದಲ್ಲಿಡಿ. ಈ ಲಸಿಕೆಗಳು ಬಾಕಿ ಇದ್ದರೆ ಮೊದಲೇ ಮುಗಿಸಿಕೊಂಡು, ಗರ್ಭ ಧರಿಸುವ ಮುಂಚೆ ಕನಿಷ್ಠ ಒಂದು ತಿಂಗಳು ಬಿಡಬೇಕು.

ಎದೆಹಾಲು ನಿಲ್ಲಿಸುವ ಅಗತ್ಯ ಇಲ್ಲ, ಒಂದು ಹೊತ್ತಿಗೂ ಇಲ್ಲ.

ಇಷ್ಟು ಬೇಗ ತಯಾರಾದ ಲಸಿಕೆಯನ್ನು ನಂಬೋದು ಹೇಗೆ?

ಅನುಮಾನ ಬರುವುದು ಸಹಜ. ವೈರಸ್ಸಿನ ಜೀನ್ ವಿವರ ಹೊರಬಂದದ್ದು 2020ರ ಜನವರಿಯಲ್ಲಿ. ಬ್ರಿಟನ್‌ನಲ್ಲಿ ಮೊದಲ ಲಸಿಕೆಗೆ ಅನುಮತಿ ಸಿಕ್ಕಿದ್ದು ಅದೇ ವರ್ಷದ ಡಿಸೆಂಬರ್ 2ರಂದು. ಒಂದು ವರ್ಷವೂ ಆಗಿರಲಿಲ್ಲ.

ಆದರೆ ಕೆಲಸ ಶುರುವಾದದ್ದು 2020ರಲ್ಲಿ ಅಲ್ಲ. ಕ್ಯಾಟಲಿನ್ ಕಾರಿಕೊ, ಡ್ರೂ ವೈಸ್‌ಮನ್ ಇಬ್ಬರೂ ಎಂಆರ್‌ಎನ್‌ಎ ಲಸಿಕೆಗೆ (ವೈರಸ್ಸಿನ ಒಂದು ಪ್ರೋಟೀನ್ ತಯಾರಿಸುವ ಸೂಚನೆಯನ್ನು ಮೈಗೆ ಕೊಡುವ ಬಗೆಯದು, ಫೈಜರ್‌ನದ್ದೂ ಇದೇ) ದಾರಿ ಮಾಡಿಕೊಟ್ಟ ಮುಖ್ಯ ಸಂಶೋಧನೆ ಪ್ರಕಟಿಸಿದ್ದು 2005ರಲ್ಲಿ. ಅದಕ್ಕೇ 2023ರಲ್ಲಿ ಅವರಿಗೆ ನೊಬೆಲ್ ಬಂತು. ಕೋವಿಡ್ ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಪ್ರೋಟೀನ್ ಕೂಡ ಹೊಸದಲ್ಲ. ಅದರ ನೆಂಟರಾದ ಸಾರ್ಸ್ ಮತ್ತು ಮರ್ಸ್ ವೈರಸ್‌ಗಳ ಅಧ್ಯಯನದಲ್ಲಿ ವಿಜ್ಞಾನಿಗಳು ಅಂಥದ್ದನ್ನು ನೋಡಿಯೇ ಇದ್ದರು.

ಉಳಿದ ಸಮಯ ಎಲ್ಲಿ ಉಳಿಯಿತು? ಮಾಮೂಲಿಯಾಗಿ ಒಂದು ಹಂತದ ಪರೀಕ್ಷೆ ಮುಗಿದು, ದುಡ್ಡು ಹೊಂದಿಸಿ, ಆಮೇಲೆ ಮುಂದಿನ ಹಂತ. ಈ ಸಲ ಸರ್ಕಾರಗಳು ದುಡ್ಡು ಸುರಿದವು, ಒಂದು ಹಂತ ಮುಗಿಯುವ ಮೊದಲೇ ಇನ್ನೊಂದು ಶುರುವಾಯಿತು. ಫಲಿತಾಂಶ ಬರುವ ಮೊದಲೇ ತಯಾರಿಕೆ ಶುರುವಾಯಿತು. ಲಸಿಕೆ ಕೆಲಸ ಮಾಡದಿದ್ದರೆ ಎಲ್ಲಾ ಎಸೆಯಬೇಕಾಗುತ್ತಿತ್ತು, ಅಷ್ಟೇ. ಇನ್ನೊಂದು ಕಾರಣ ಸ್ವಲ್ಪ ಕ್ರೂರ: ಕಾಯಿಲೆ ಎಲ್ಲೆಡೆ ಹರಡಿತ್ತು. ಲಸಿಕೆ ಪಡೆದವರು, ಪಡೆಯದವರ ನಡುವಿನ ವ್ಯತ್ಯಾಸ ತಿಳಿಯಲು ವರ್ಷಗಟ್ಟಲೆ ಕಾಯಬೇಕಾಗಲಿಲ್ಲ. ಫೈಜರ್ ಲಸಿಕೆಯ ಮುಖ್ಯ ಪರೀಕ್ಷೆಯಲ್ಲಿ ಸುಮಾರು 44 ಸಾವಿರ ಜನ ಇದ್ದರು. ಜನರ ಸಂಖ್ಯೆಯಲ್ಲಿ ಯಾರೂ ಕಡಿತ ಮಾಡಲಿಲ್ಲ.

ದೊಡ್ಡವರ ಲಸಿಕೆಯನ್ನೇ ಮಕ್ಕಳಿಗೂ ಕೊಡ್ತಾರಾ?

ಅದೇ ಬಗೆಯದು, ಪ್ರಮಾಣ ಬೇರೆ. ಫೈಜರ್‌ನ ಮೊದಲ ಕೋವಿಡ್ ಲಸಿಕೆಯಲ್ಲಿ 12 ವರ್ಷ ಮೇಲ್ಪಟ್ಟವರಿಗೆ 30 ಮೈಕ್ರೋಗ್ರಾಂ, 5ರಿಂದ 11 ವರ್ಷದವರಿಗೆ 10, ಅದಕ್ಕಿಂತ ಚಿಕ್ಕವರಿಗೆ 3. ಇಲ್ಲಿ ಲೆಕ್ಕ ವಯಸ್ಸಿನದ್ದು, ತೂಕದ್ದಲ್ಲ. ಹನ್ನೊಂದು ವರ್ಷದ ಮಗು ಎಷ್ಟೇ ಎತ್ತರ ಇದ್ದರೂ ಅದಕ್ಕೆ ಮಕ್ಕಳ ಡೋಸೇ. ಜ್ವರದ ಔಷಧಿಯನ್ನು ತೂಕ ನೋಡಿ ಕೊಡುತ್ತೇವಲ್ಲ, ಅದಕ್ಕೇ ಈ ಗೊಂದಲ. ಲಸಿಕೆ ಮೈಯ ರೋಗನಿರೋಧಕ ವ್ಯವಸ್ಥೆಗೆ ಒಂದು ಸುಳಿವು ಕೊಡುತ್ತದೆ. ಆ ವ್ಯವಸ್ಥೆ ಎಷ್ಟು ಬೆಳೆದಿದೆ ಅನ್ನೋದು ವಯಸ್ಸಿಗೆ ಸೇರಿದ ವಿಷಯ.

ಗಂಭೀರ ಅಡ್ಡಪರಿಣಾಮ ಇಲ್ಲವೇ ಇಲ್ಲ ಅಂತಾರೆ. ನಿಜಾನಾ?

ಇಲ್ಲವೇ ಇಲ್ಲ ಅಂದವರು ಸರಿಯಾಗಿ ಹೇಳಿಲ್ಲ. ಅಪರೂಪಕ್ಕೆ ಇವೆ. ಮುಚ್ಚಿಟ್ಟರೆ ಭಯ ಜಾಸ್ತಿಯಾಗುತ್ತದೆ, ಹಾಗಾಗಿ ಒಂದೊಂದಾಗಿ ನೋಡೋಣ.

ಮೊದಲನೆಯದು ಜೋರಾದ ಅಲರ್ಜಿ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿ 10 ಲಕ್ಷ ಡೋಸಿಗೆ ಸುಮಾರು 5 ಜನರಲ್ಲಿ ಕಂಡಿತು. ಹೆಚ್ಚಿನಂಶ ಮೊದಲ ಕಾಲು ಗಂಟೆಯಲ್ಲೇ ಗೊತ್ತಾಗುತ್ತದೆ, ಅಡ್ರಿನಾಲಿನ್ ಚುಚ್ಚಿದರೆ ಹತೋಟಿಗೆ ಬರುತ್ತದೆ. ಲಸಿಕೆ ಆದ ಮೇಲೆ 15 ನಿಮಿಷ ಕೂರಿ ಅನ್ನುವುದು ಇದಕ್ಕೇ. ಹಿಂದೆ ಜೋರು ಅಲರ್ಜಿ ಆಗಿದ್ದವರು 30 ನಿಮಿಷ ಕೂರಬೇಕು.

ಎರಡನೆಯದು ಹೃದಯದ ಸ್ನಾಯುವಿನ ಉರಿಯೂತ, ಮಯೋಕಾರ್ಡೈಟಿಸ್. ಎಂಆರ್‌ಎನ್‌ಎ ಲಸಿಕೆಯ ಎರಡನೇ ಡೋಸ್ ಆಗಿ ಒಂದು ವಾರದೊಳಗೆ, ಹೆಚ್ಚಾಗಿ ಹದಿಹರೆಯದ ಹುಡುಗರಲ್ಲಿ, ಯುವಕರಲ್ಲಿ ಕಂಡಿತು. ಎದೆನೋವು, ಏದುಸಿರು, ಎದೆ ಡವಡವ ಅನ್ನುವುದು ಲಕ್ಷಣ. ಹೆಚ್ಚಿನವರು ವಿಶ್ರಾಂತಿಯಿಂದ ಸುಧಾರಿಸಿಕೊಂಡರು. ಎರಡು ಡೋಸಿನ ನಡುವಿನ ಅಂತರವನ್ನು 8 ವಾರಕ್ಕೆ ಏರಿಸಿದರೆ ಅಪಾಯ ಇಳಿಯುತ್ತದೆ ಅಂತ ಆಮೇಲೆ ತಿಳಿಯಿತು. ಐದು ವರ್ಷದೊಳಗಿನ ಪುಟಾಣಿಗಳಲ್ಲಿ ಈ ತೊಂದರೆ ಎದ್ದು ಕಾಣಲಿಲ್ಲ. ಮನೆಯಲ್ಲಿ ಹದಿನಾರು ಹದಿನೇಳರ ಹುಡುಗ ಇದ್ದರೆ, ಲಸಿಕೆ ಆದ ವಾರ ಎದೆನೋವು ಅಂದರೆ ಸುಮ್ನೆ ಬಿಡಬೇಡಿ, ಆ ದಿನವೇ ತೋರಿಸಿ.

ಮೂರನೆಯದು ಹಳೆಯದು, ಮಹಾಮಾರಿಗೇ ಸೇರಿದ್ದು. 2009ರಲ್ಲಿ ಎಚ್1ಎನ್1 ಫ್ಲೂ ಬಂದಾಗ ಯುರೋಪಿನಲ್ಲಿ ಕೊಟ್ಟ ಪಾಂಡೆಮ್ರಿಕ್ಸ್ ಎಂಬ ಲಸಿಕೆಯ ನಂತರ ಕೆಲವು ಮಕ್ಕಳಲ್ಲಿ, ಹದಿಹರೆಯದವರಲ್ಲಿ ನಾರ್ಕೊಲೆಪ್ಸಿ ಕಾಣಿಸಿತು. ಹಗಲಲ್ಲೇ ತಡೆಯಲಾಗದ ನಿದ್ದೆ ಬರುವ ಕಾಯಿಲೆ ಅದು. ಮೊದಲು ಎಚ್ಚರಿಸಿದ್ದು ಫಿನ್‌ಲ್ಯಾಂಡ್, ಸ್ವೀಡನ್. ಆ ಲಸಿಕೆ ಈಗ ಬಳಕೆಯಲ್ಲಿಲ್ಲ. ಹಾಗೆಯೇ 1998ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ರೋಟಾವೈರಸ್ (ಕೂಸುಗಳಿಗೆ ಜೋರು ಭೇದಿ ತರುವ ವೈರಸ್) ಲಸಿಕೆಯಿಂದ ಕೆಲವು ಕೂಸುಗಳ ಕರುಳು ಒಂದರೊಳಗೊಂದು ಸಿಕ್ಕಿಕೊಂಡಿತು. ಮರುವರ್ಷವೇ ಅದನ್ನು ಮಾರುಕಟ್ಟೆಯಿಂದ ತೆಗೆದರು.

ಇವನ್ನೆಲ್ಲ ಹೇಳಿದರೆ ಜನ ಓಡಿಹೋಗುತ್ತಾರೆ ಅನ್ನುವ ಆರೋಗ್ಯ ಕಾರ್ಯಕರ್ತರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಲಕ್ಷಕ್ಕೊಂದು, ಹತ್ತು ಸಾವಿರಕ್ಕೊಂದು ತೊಂದರೆ ಕೂಡ ಯಾರದೋ ಕಣ್ಣಿಗೆ ಬಿದ್ದು ದಾಖಲಾಗುತ್ತದೆ ಅನ್ನೋದೇ ನಂಬಿಕೆಗೆ ಕಾರಣ. ಲಸಿಕೆ ಆದ ಮೇಲೆ ಏನಾದರೂ ವಿಚಿತ್ರ ಅನ್ನಿಸಿದರೆ ನೀವೂ ವರದಿ ಮಾಡಿ. ಲಸಿಕೆಯಿಂದಲೇ ಆಯಿತಾ ಇಲ್ಲವಾ ಅನ್ನೋದು ಆಮೇಲಿನ ಮಾತು.

ಎಂಆರ್‌ಎನ್‌ಎ ಲಸಿಕೆ ಡಿಎನ್‌ಎ ಬದಲಿಸುತ್ತಾ? ಮುಂದೆ ಮಕ್ಕಳಾಗೋದಕ್ಕೆ ತೊಂದರೆನಾ?

ಎರಡಕ್ಕೂ ಇಲ್ಲ. ಡಿಎನ್‌ಎ ಇರುವ ಕೋಶಕೇಂದ್ರದೊಳಕ್ಕೆ ಎಂಆರ್‌ಎನ್‌ಎ ಹೋಗುವುದಿಲ್ಲ, ಕೆಲವೇ ದಿನಗಳಲ್ಲಿ ಒಡೆದು ಹೋಗುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಲಸಿಕೆಯ ತಿಂಗಳು ಮುಟ್ಟು ಒಂದು ದಿನ ಹಿಂದುಮುಂದಾದದ್ದು ನಿಜ. ಅದು ತಾನಾಗಿಯೇ ಸರಿಹೋಗುತ್ತದೆ.

ಲಸಿಕೆಯಿಂದ ಆಟಿಸಂ ಬರುತ್ತೆ ಅಂತ ಈಗಲೂ ಕೇಳ್ತೀವಲ್ಲ?

1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತು ಜೊತೆಗಾರರು ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟು ಹಾಕಿ, 12 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಹುಟ್ಟಿದ ಮಾತು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ವೇಕ್‌ಫೀಲ್ಡ್ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದಲೂ ತೆಗೆದರು. 2019ರಲ್ಲಿ ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗ ಯಾವ ನಂಟೂ ಸಿಗಲಿಲ್ಲ. ಆಟಿಸಂನ ಲಕ್ಷಣ ಎದ್ದು ಕಾಣುವ ವಯಸ್ಸು, ದಡಾರ ಲಸಿಕೆ ಹಾಕಿಸುವ ವಯಸ್ಸು ಹೆಚ್ಚುಕಮ್ಮಿ ಒಂದೇ. ಅಪ್ಪ-ಅಮ್ಮನಿಗೆ ಅನುಮಾನ ಬರುವುದು ಅಲ್ಲಿ.

ಮಹಾಮಾರಿ ಗಲಾಟೆಯಲ್ಲಿ ಮಗುವಿನ ಮಾಮೂಲಿ ಲಸಿಕೆಗಳೇ ತಪ್ಪಿಹೋಗಿವೆ. ಮತ್ತೆ ಮೊದಲಿಂದ ಶುರು ಮಾಡಬೇಕಾ?

ಬೇಡ. ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸಿದರೆ ಸಾಕು. ಎರಡು ಡೋಸ್ ಆಗಿ ಮೂರನೆಯದು ಒಂದು ವರ್ಷ ತಡವಾಗಿದ್ದರೂ ಮೊದಲ ಎರಡು ಲೆಕ್ಕಕ್ಕಿವೆ. ರೋಟಾವೈರಸ್ ಹನಿಗೆ ಮಾತ್ರ ಹಲವು ದೇಶಗಳಲ್ಲಿ ವಯಸ್ಸಿನ ಮಿತಿ ಇದೆ. ಅದು ದಾಟಿದ್ದರೆ ಬಿಟ್ಟು ಮುಂದೆ ಹೋಗುತ್ತಾರೆ.

ನಾಚಿಕೆ ಪಡಬೇಡಿ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 2.5 ಕೋಟಿ ಮಕ್ಕಳಿಗೆ ಗಂಟಲುಮಾರಿ-ನಾಯಿಕೆಮ್ಮು-ಧನುರ್ವಾಯು ಲಸಿಕೆಯ ಒಂದಾದರೂ ಡೋಸ್ ತಪ್ಪಿತ್ತು. ಅವರಲ್ಲಿ 1.8 ಕೋಟಿ ಮಕ್ಕಳಿಗೆ ಒಂದೂ ಸಿಕ್ಕಿರಲಿಲ್ಲ. ಕ್ಲಿನಿಕ್ ಮುಚ್ಚಿತ್ತು, ಬಸ್ಸಿರಲಿಲ್ಲ, ಆಸ್ಪತ್ರೆಗೆ ಹೋದರೆ ಸೋಂಕು ತಗುಲುತ್ತದೆ ಎಂಬ ಹೆದರಿಕೆ ಇತ್ತು. ಕಾರಣ ಏನೇ ಇರಲಿ, ಮೊದಲು ಕಾದು ನಿಲ್ಲುವುದು ದಡಾರ.

ದಡಾರದಷ್ಟು ಜೋರಾಗಿ ಅಂಟುವ ಕಾಯಿಲೆ ಇನ್ನೊಂದಿಲ್ಲ ಎನ್ನಬಹುದು. ರಕ್ಷಣೆ ಇಲ್ಲದ ಜನರ ನಡುವೆ ಒಬ್ಬರಿಂದ 12ರಿಂದ 18 ಜನಕ್ಕೆ ಹೋಗುತ್ತದೆ. ಕಾಯಿಲೆಯ ಮಗು ಕೋಣೆಯಿಂದ ಹೊರಟ ಮೇಲೂ ವೈರಸ್ ಎರಡು ಗಂಟೆವರೆಗೆ ಗಾಳಿಯಲ್ಲಿರುತ್ತದೆ. ಇಪ್ಪತ್ತು ಮಕ್ಕಳು ಒಂದೇ ಚಾಪೆಯ ಮೇಲೆ ಮಲಗುವ ಜಾಗದಲ್ಲಿ ಇದರ ಅರ್ಥ ಏನು ಅಂತ ಸಿಬ್ಬಂದಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಡಾರವನ್ನು ತಡೆಯಲು 100ರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಮಹಾಮಾರಿಯ ಹೊಸ ಲಸಿಕೆ ಹಾಕಿಸಬೇಕಾ ಬೇಡವಾ ಅಂತ ಮನೆಯಲ್ಲಿ ಇನ್ನೂ ಮಾತಾಡುತ್ತಿದ್ದೀರಾ? ಮಾತಾಡಿ. ಅಷ್ಟರಲ್ಲಿ ದಡಾರದ್ದು ಹಾಕಿಸಿಕೊಂಡು ಬನ್ನಿ.

ಒಂದೇ ದಿನ ಎರಡು ಮೂರು ಸೂಜಿ ಮಗು ತಡೆದುಕೊಳ್ಳುತ್ತಾ?

ತಡೆದುಕೊಳ್ಳುತ್ತದೆ. ಜೀವಂತ ವೈರಸ್ಸಿನ ಚುಚ್ಚುಮದ್ದು ಎರಡಿದ್ದರೆ ಒಂದೇ ದಿನ ಕೊಡಬೇಕು, ಇಲ್ಲದಿದ್ದರೆ ನಾಲ್ಕು ವಾರ ಬಿಡಬೇಕು. ಅಮೆರಿಕದಲ್ಲಿ ಕೋವಿಡ್ ಲಸಿಕೆಗೂ ಬೇರೆ ಲಸಿಕೆಗೂ ಮೊದಲು ಎರಡು ವಾರದ ಅಂತರ ಇಟ್ಟಿದ್ದರು, 2021ರ ಮೇಯಲ್ಲಿ ಅದನ್ನು ಕೈಬಿಟ್ಟರು. ಎರಡು ಸಲ ರಜೆ ಹಾಕಿ ಎರಡು ಸಲ ಅಳಿಸುವುದಕ್ಕಿಂತ ಒಂದೇ ಸಲ ಮುಗಿಸುವುದು ವಾಸಿ.

ಮಗುವಿಗೆ ಸ್ವಲ್ಪ ನೆಗಡಿ. ಮುಂದಕ್ಕೆ ಹಾಕೋಣ್ವಾ?

ಮೂಗು ಸೋರುವುದಕ್ಕೆ ಲಸಿಕೆ ಮುಂದೂಡಬೇಕಿಲ್ಲ. ಜೋರು ಜ್ವರ, ಎದ್ದು ಕೂರಲಾಗದ ಸುಸ್ತು ಇದ್ದರೆ ಕಾಯಿರಿ. ಆದರೆ ಮಹಾಮಾರಿ ಹರಡುತ್ತಿರುವಾಗ ಸಣ್ಣ ಕೆಮ್ಮಿದ್ದರೂ ಕೇಂದ್ರಕ್ಕೆ ಹೋಗುವ ಮೊದಲು ಫೋನ್ ಮಾಡಿ ಕೇಳಿ. ಅಲ್ಲಿ ಸಾಲಿನಲ್ಲಿ ಬೇರೆ ಕೂಸುಗಳೂ ಇರುತ್ತವೆ.

ಸೂಜಿ ಅಂದರೆ ಮನೆಯೆಲ್ಲಾ ಒಂದಾಗುವ ಹಾಗೆ ಕಿರುಚುತ್ತಾನೆ. ಏನಾದರೂ ಉಪಾಯ?

ಇದೆ. ಇವಕ್ಕೆ ಒಳ್ಳೆಯ ಆಧಾರವೂ ಇದೆ, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ನೋವು ಕಡಿಮೆ ಮಾಡುವ ಬಗ್ಗೆಯೇ ಸಲಹೆ ಕೊಟ್ಟಿದೆ.

ಮಗುವನ್ನು ಮಲಗಿಸಿ ಕೈಕಾಲು ಅದುಮಿ ಹಿಡಿಯಬೇಡಿ. ಅದು ಹೆದರುವುದು ಅರ್ಧ ಅದಕ್ಕೇ. ನಿಮ್ಮ ತೊಡೆಯ ಮೇಲೆ, ಎದೆಗೆ ಎದೆ ತಾಗುವಂತೆ ನೆಟ್ಟಗೆ ಕೂರಿಸಿಕೊಳ್ಳಿ. ಅದರ ಒಂದು ಕೈ ನಿಮ್ಮ ಕಂಕುಳ ಕೆಳಗಿಂದ ಬೆನ್ನಿಗೆ ಹೋಗಲಿ. ಇನ್ನೊಂದು ತೋಳಿನ ಮೊಣಕೈಯನ್ನು ಮೆಲ್ಲಗೆ ಹಿಡಿಯಿರಿ. ಕಾಲುಗಳು ನಿಮ್ಮ ತೊಡೆಗಳ ನಡುವೆ. ತೀರ ಎಳೆಯ ಮಗುವಾದರೆ ತೊಡೆಗೆ ಚುಚ್ಚುತ್ತಾರೆ, ಆಗ ಹಾಲು ಕುಡಿಸುತ್ತಲೇ ಇರಿ. ಚುಚ್ಚುವ ಸ್ವಲ್ಪ ಮೊದಲು ಶುರು ಮಾಡಿ, ಮುಗಿದ ಮೇಲೂ ಬಿಡಿಸಬೇಡಿ. ಒಂದಕ್ಕಿಂತ ಹೆಚ್ಚು ಲಸಿಕೆ ಇದ್ದರೆ ಜಾಸ್ತಿ ನೋಯುವುದನ್ನು ಕೊನೆಗೆ ಕೊಡಿ ಅಂತ ಕೇಳಿ. ಚುಚ್ಚಿದ ಜಾಗ ತಿಕ್ಕಬೇಡಿ.

ಮೂರು ವರ್ಷ ದಾಟಿದವರಿಗೆ ಸುಳ್ಳು ಹೇಳಬೇಡಿ. "ನೋಯೋದೇ ಇಲ್ಲ" ಅಂದು ಕರೆದುಕೊಂಡು ಹೋದರೆ ಎರಡನೇ ಡೋಸಿಗೆ ಮಗು ಬಾಗಿಲು ದಾಟುವುದಿಲ್ಲ. "ಚುರುಕ್ ಅನ್ನುತ್ತೆ, ಆಮೇಲೆ ಮುಗಿಯಿತು" ಅನ್ನಿ. ಇನ್ನೊಂದು, ತುಂಟಾಟ ಮಾಡಿದರೆ ಇಂಜೆಕ್ಷನ್ ಚುಚ್ಚಿಸ್ತೀನಿ ಅಂತ ಹೆದರಿಸುವ ಅಭ್ಯಾಸ ಮನೆಯಲ್ಲೂ ಶಿಶುವಿಹಾರದಲ್ಲೂ ಇರುತ್ತದೆ. ದಯವಿಟ್ಟು ಬಿಡಿ.

ನೋವು, ಜ್ವರ ಬರಬಾರದು ಅಂತ ಮೊದಲೇ ಪ್ಯಾರಾಸಿಟಮಾಲ್ ಕೊಡಬಹುದಾ?

ಸಾಮಾನ್ಯವಾಗಿ ಬೇಡ. ಮೊದಲೇ ಕೊಟ್ಟರೆ ಕೆಲವು ಲಸಿಕೆಗಳಿಗೆ ಮೈ ತೋರಿಸುವ ಪ್ರತಿಕ್ರಿಯೆ ಸ್ವಲ್ಪ ತಗ್ಗಬಹುದು. ಜ್ವರ ಬಂದು ಮಗು ನರಳಿದರೆ ಆಗ ಕೊಡಿ, ವೈದ್ಯರು ತೂಕಕ್ಕೆ ತಕ್ಕಂತೆ ಹೇಳಿದಷ್ಟು. ಮಕ್ಕಳಿಗೆ ಆಸ್ಪಿರಿನ್ ಯಾವತ್ತೂ ಕೊಡಬೇಡಿ. ಮಿದುಳು, ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುವ ರೇಯ್ ಸಿಂಡ್ರೋಮ್ ಎಂಬ ಕಾಯಿಲೆ ಬರುವ ಅಪಾಯ ಇದೆ.

ನಿನ್ನೆ ಲಸಿಕೆ ಆಯಿತು, ಇವತ್ತು ಮೈ ಬಿಸಿ. ಮಗುವನ್ನು ಕಳಿಸಬಹುದಾ? ಸಿಬ್ಬಂದಿ ಸೇರಿಸಿಕೊಳ್ಳಬೇಕಾ?

ಜಗಳ ಜಾಸ್ತಿ ಆಗುವುದು ಇಲ್ಲೇ. ಅಮ್ಮ "ಲಸಿಕೆ ಜ್ವರ ಅಷ್ಟೇ" ಅನ್ನುತ್ತಾರೆ, ಬಾಗಿಲಲ್ಲಿ ನಿಂತ ಟೀಚರ್‌ಗೆ ನಂಬುವುದೋ ಬಿಡುವುದೋ ಗೊತ್ತಾಗುವುದಿಲ್ಲ. ಇಬ್ಬರ ಕಡೆಯೂ ನ್ಯಾಯ ಇದೆ.

ಒಂದು ಗುರುತು ಹೇಳುತ್ತೇನೆ. ಹೆಚ್ಚಿನ ಲಸಿಕೆಗಳ ಜ್ವರ ಮೊದಲ ಒಂದು ದಿನದೊಳಗೆ ಶುರುವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಜೊತೆಗೆ ಚುಚ್ಚಿದ ಜಾಗದಲ್ಲಿ ನೋವು, ಕೆಂಪು, ಸ್ವಲ್ಪ ರೇಗಾಟ ಇರಬಹುದು. ಆದರೆ ಕೆಮ್ಮು, ಗಂಟಲು ನೋವು, ವಾಸನೆ ತಿಳಿಯದಿರುವುದು ಚುಚ್ಚುಮದ್ದಿನಿಂದ ಬರುವುದಿಲ್ಲ. ಅವು ಕಂಡರೆ ಮಗುವಿಗೆ ಸೋಂಕು ಇರಬಹುದು ಅಂತಲೇ ತಿಳಿದು ಪರೀಕ್ಷೆ ಮಾಡಿಸಿ. ಜ್ವರ ಎರಡು ದಿನ ದಾಟಿದರೂ ಹಾಗೇ.

ದಡಾರ ಲಸಿಕೆ ಇದಕ್ಕೆ ಹೊರತು. ಅದರ ಜ್ವರ, ತೆಳು ದದ್ದು ಬರುವುದು ಒಂದು ವಾರದಿಂದ ಹನ್ನೆರಡು ದಿನದ ನಂತರ. ಅಷ್ಟರಲ್ಲಿ ಲಸಿಕೆ ಹಾಕಿಸಿದ್ದೇ ಮರೆತಿರುತ್ತದೆ! ಲಸಿಕೆಯ ದಿನಾಂಕವನ್ನು ಶಿಶುವಿಹಾರದ ರಿಜಿಸ್ಟರಿನಲ್ಲಿ ಬರೆಸಿಟ್ಟರೆ ಬಾಗಿಲ ಬಳಿಯ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಜ್ವರ ಇರುವಾಗ ಮಗು ಮನೆಯಲ್ಲಿರುವುದೇ ಒಳ್ಳೆಯದು, ಕಾರಣ ಯಾವುದಾದರೂ ಸರಿ. ಮೈ ಸುಡುವಾಗ ಮಗುವಿಗೆ ಬೇಕಾಗಿರುವುದು ಒಂದು ಮಡಿಲು. ಹತ್ತು ಮಕ್ಕಳನ್ನು ನೋಡುವ ಸಿಬ್ಬಂದಿ ಅದನ್ನು ಕೊಡಲಾರರು. ಆಗುವುದಾದರೆ ಮರುದಿನ ರಜೆ ಇರುವಂತೆ ನೋಡಿ ಲಸಿಕೆ ಹಾಕಿಸಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಲಸಿಕೆ ಆಗಿದ್ದರೂ ವೈದ್ಯರಿಗೆ ಹೇಳಲೇಬೇಕು.

ಒಮ್ಮೆ ಸೋಂಕು ಬಂದು ಹೋಗಿದೆ. ಇನ್ನೂ ಲಸಿಕೆ ಬೇಕಾ?

ಸೋಂಕಿನಿಂದಲೂ ರಕ್ಷಣೆ ಬರುತ್ತದೆ, ಅದು ನಿಜ. ಎಷ್ಟು ದಿನ ನಿಲ್ಲುತ್ತದೆ ಅನ್ನೋದು ವೈರಸ್ ಎಷ್ಟು ಬೇಗ ರೂಪ ಬದಲಿಸುತ್ತದೆ ಎನ್ನುವುದರ ಮೇಲೆ ನಿಂತಿದೆ. 2021ರ ನವೆಂಬರಿನಲ್ಲಿ ಕೋವಿಡ್ ವೈರಸ್ಸಿನ ಓಮಿಕ್ರಾನ್ ಎಂಬ ಹೊಸ ರೂಪ ಬಂದಾಗ ಒಮ್ಮೆ ಗುಣವಾದವರಿಗೂ ಮತ್ತೆ ಬಂತು. ಸಾಮಾನ್ಯವಾಗಿ ಗುಣವಾದ ಮೇಲೆ ಸ್ವಲ್ಪ ಸಮಯ ಬಿಟ್ಟು ಹಾಕಿಸುತ್ತಾರೆ.

ಶಿಶುವಿಹಾರದಲ್ಲಿ ಕೆಲಸ ಮಾಡುವವರಿಗೆ ಮಹಾಮಾರಿಯ ಲಸಿಕೆ ಒಂದೇ ಸಾಕಾ?

ಸಾಕಾಗುವುದಿಲ್ಲ. ದಡಾರ-ಮಂಗನಬಾವು-ರುಬೆಲ್ಲಾ, ಚಿಕನ್ ಪಾಕ್ಸ್ ಇವುಗಳ ರಕ್ಷಣೆ ಇದೆಯೇ ನೋಡಿ. ನಾಯಿಕೆಮ್ಮಿನ ಬೂಸ್ಟರ್ ಮುಖ್ಯ. ಚಿಕ್ಕಂದಿನ ಡೋಸಿನ ಬಲ ದೊಡ್ಡವರಾಗುವಷ್ಟರಲ್ಲಿ ಕಡಿಮೆಯಾಗಿರುತ್ತದೆ. ದೊಡ್ಡವರಿಗೆ ಅದು ವಾರಗಟ್ಟಲೆ ಬಿಡದ ಕೆಮ್ಮು, ಎರಡು ತಿಂಗಳ ಕೂಸಿಗೆ ಉಸಿರೇ ನಿಲ್ಲಿಸುವ ಕಾಯಿಲೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಮಕ್ಕಳು ಕಚ್ಚುತ್ತಾರೆ, ಬಿದ್ದು ರಕ್ತ ಬರಿಸಿಕೊಳ್ಳುತ್ತಾರೆ, ಹಾಗಾಗಿ ರಕ್ತದಿಂದ ಹರಡುವ ಹೆಪಟೈಟಿಸ್ ಬಿ (ಪಿತ್ತಜನಕಾಂಗದ ಸೋಂಕು) ಲಸಿಕೆ ಕೂಡ. ಡೈಪರ್ ಬದಲಿಸುವವರು ಮಲದಿಂದ ಹರಡುವ ಹೆಪಟೈಟಿಸ್ ಎ ಬಗ್ಗೆ ಕೇಳಿ ನೋಡಿ.

ಲಸಿಕೆ ಹಾಕಿಸಿಕೊಂಡ ಮರುದಿನ ಸಿಬ್ಬಂದಿಗೆ ರಜೆ ಕೊಡಬೇಕಾ?

ಕೊಡಿ, ಸಂಬಳ ಹಿಡಿಯಬೇಡಿ. ಒಂದು ದಿನದ ಕೂಲಿ ಹೋಗುತ್ತದೆ ಅಂತ ಲಸಿಕೆ ಮುಂದಕ್ಕೆ ಹಾಕುವವರು ಬಹಳ. ಎಲ್ಲರನ್ನೂ ಒಂದೇ ದಿನ ಕಳಿಸಿದರೆ ಮರುದಿನ ಅರ್ಧ ಜನ ಮಲಗಿರುತ್ತಾರೆ. ಸರದಿ ಮಾಡಿ ಕಳಿಸಿ.

ನಮ್ಮಲ್ಲಿ ಒಬ್ಬರು ಬೇಡವೇ ಬೇಡ ಅನ್ನುತ್ತಿದ್ದಾರೆ. ಬಲವಂತ ಮಾಡಬಹುದಾ?

ಕಾನೂನಿನ ಉತ್ತರ ಒಂದೊಂದು ಕಡೆ ಒಂದೊಂದು ಥರ, ಅದನ್ನು ಸ್ಥಳೀಯವಾಗಿ ತಿಳಿದುಕೊಳ್ಳಿ. ಮನುಷ್ಯರ ನಡುವಿನ ಉತ್ತರ ಬೇರೆ. ಬೇಡ ಅನ್ನುವವರಲ್ಲಿ ಎಲ್ಲರೂ ವಿರೋಧಿಗಳಲ್ಲ. ಒಬ್ಬರಿಗೆ ಸೂಜಿಯ ಭಯ ಇರುತ್ತದೆ, ಹೇಳಿಕೊಳ್ಳಲು ನಾಚಿಕೆ. ಒಬ್ಬರು ಮಗು ಬೇಕು ಅಂತ ಪ್ರಯತ್ನದಲ್ಲಿರುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಹಿರಿಯರು ಬೇಡ ಅಂದಿರುತ್ತಾರೆ. ಎಲ್ಲರ ಮುಂದೆ ಮೀಟಿಂಗಿನಲ್ಲಿ ಕೇಳಿದರೆ ಇದು ಯಾವುದೂ ಹೊರಗೆ ಬರುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿಕೊಂಡು "ನಿಮಗೆ ಯಾವ ಯೋಚನೆ ಕಾಡ್ತಿದೆ?" ಅಂತ ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಅಂಕಿ-ಅಂಶ ಆಮೇಲೆ. ಅಷ್ಟಾದರೂ ಬೇಡ ಅಂದರೆ, ತೀರ ಎಳೆಯ ಕೂಸುಗಳ ಕೋಣೆಯ ಬದಲು ಬೇರೆ ಕೆಲಸ ಕೊಡುವುದು ಬೇಸರದ ವಿಷಯವೇ, ಆದರೂ ತಪ್ಪಲ್ಲ.

ನಮ್ಮಲ್ಲಿ ಎಲ್ಲರಿಗೂ ಲಸಿಕೆ ಆಗಿದೆ. ಇನ್ನು ಮಾಸ್ಕ್, ಕಿಟಕಿ ತೆರೆಯೋದು ಎಲ್ಲಾ ಬಿಡಬಹುದಲ್ವಾ?

ಕಾಯಿಲೆ ಹರಡುತ್ತಿರುವಷ್ಟು ದಿನ ಬಿಡಬೇಡಿ. ಲಸಿಕೆ ಆದವರಿಗೂ ಸೋಂಕು ಬರಬಹುದು, ಅವರಿಂದ ಹರಡಲೂಬಹುದು. ಡೋಸ್ ಆದ ಮೇಲೆ ರಕ್ಷಣೆ ಬರಲು ಎರಡು ವಾರ ಬೇಕು. ಲಸಿಕೆ ತಡೆಯುವುದು ಮುಖ್ಯವಾಗಿ ಆಸ್ಪತ್ರೆ ಮತ್ತು ಸಾವನ್ನು. ಗಾಳಿಯಲ್ಲಿ ಹರಡುವ ಕಾಯಿಲೆಗೆ ತೆರೆದ ಕಿಟಕಿಯಷ್ಟು ಅಗ್ಗದ ಉಪಾಯ ಇಲ್ಲ. ಮಾಸ್ಕ್ ದೊಡ್ಡವರಿಗೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಕಡ್ಡಾಯ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2020ರಲ್ಲೇ ಹೇಳಿದ್ದವು. ಎರಡು ವರ್ಷದೊಳಗಿನ ಮಗುವಿಗಂತೂ ಹಾಕಲೇಬಾರದು, ಉಸಿರುಗಟ್ಟಬಹುದು.

ಯಾವ ಯಾವ ಮಗುವಿಗೆ ಲಸಿಕೆ ಆಗಿಲ್ಲ ಅಂತ ಬೇರೆ ಪೋಷಕರು ಕೇಳುತ್ತಾರೆ. ಹೇಳಬಹುದಾ?

ಹೆಸರು ಹೇಳಬೇಡಿ. ಒಟ್ಟು ಎಷ್ಟು ಮಕ್ಕಳಿಗೆ ಆಗಿದೆ ಎಂದು ಬೇಕಾದರೆ ಹೇಳಿ, ಅದೂ ಗುಂಪು ತೀರ ಚಿಕ್ಕದಲ್ಲದಿದ್ದರೆ. ನಾಲ್ಕು ಮಕ್ಕಳಿರುವ ಕಡೆ "ಮೂವರಿಗೆ ಆಗಿದೆ" ಅಂದರೆ ಹೆಸರು ಹೇಳಿದ ಹಾಗೇ ಆಯಿತು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಲಸಿಕೆ ಕಾರ್ಡ್ ಹಾಕಿ ಅಂತಲೂ ಕೇಳಬೇಡಿ.

ಮಗುವಿನ ಲಸಿಕೆ ಕಾರ್ಡ್ ಕಳೆದುಹೋಗಿದೆ. ಈಗೇನು?

ಹಾಕಿಸಿದ ಜಾಗದಲ್ಲೇ ಮೊದಲು ಕೇಳಿ, ಅವರ ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಸಾಮಾನ್ಯವಾಗಿ ಇರುತ್ತದೆ. ಫೋನಿನ ಹಳೆಯ ಮೆಸೇಜುಗಳನ್ನೂ ಹುಡುಕಿ. ಎಲ್ಲೂ ಸಿಗದಿದ್ದರೆ, "ಆಗಿತ್ತು ಅನ್ನಿಸುತ್ತೆ" ಎಂಬ ನೆನಪು ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚಿನ ಲಸಿಕೆಗಳನ್ನು ವೈದ್ಯರು ಮತ್ತೊಮ್ಮೆ ಕೊಡುತ್ತಾರೆ. ದಡಾರ ಲಸಿಕೆ ಎರಡರ ಬದಲು ಮೂರು ಸಲ ಆದರೂ ತೊಂದರೆ ಇಲ್ಲ. ಹೊಸ ಕಾರ್ಡ್ ಸಿಕ್ಕ ದಿನವೇ ಎರಡೂ ಬದಿಯ ಫೋಟೊ ತೆಗೆದು ಮನೆಯಲ್ಲಿ ಇಬ್ಬರ ಫೋನಿನಲ್ಲಿ ಇಡಿ. ಲಸಿಕೆಯ ಹೆಸರು, ದಿನಾಂಕ, ಬ್ಯಾಚ್ ನಂಬರ್ ಸ್ಪಷ್ಟವಾಗಿ ಓದುವಂತಿದೆಯೇ ನೋಡಿ. ಎಷ್ಟೋ ಕಾರ್ಡುಗಳಲ್ಲಿ ಬ್ಯಾಚ್ ನಂಬರಿನ ಜಾಗ ಖಾಲಿ ಇರುತ್ತದೆ. ಅಲ್ಲಿಂದ ಏಳುವ ಮೊದಲೇ ಬರೆಸಿಕೊಳ್ಳಿ.